ಅಂಗುಲದ ಗಾಲಿ, ಮೀಟರಿನ ದಾರಿ

ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯವು ಮೇಲುನೋಟಕ್ಕೆ ಬಹಳ ಸಾಮಾನ್ಯವಾದುದೆಂದು ತೋರಬಹುದು. ಬೈಸಿಕಲ್ಲನ್ನು ನೋಡದವರು ಯಾರೂ ಇಲ್ಲ. ಅದರ ಗಾಲಿಯ ಅಳತೆಯನ್ನು ಕುರಿತು ಯೋಚಿಸಿದವರು ಮಾತ್ರ ಬಹು ವಿರಳ. ಆದರೆ ಚರಿತ್ರೆಯು ಕೋಟೆ ಕೊತ್ತಲಗಳಲ್ಲಿಯೂ ತಾಮ್ರಶಾಸನಗಳಲ್ಲಿಯೂ ಅಡಗಿರುವಂತೆಯೇ ಸೈಕಲ್ ಅಂಗಡಿಯ ಗೋಡೆಗೆ ತೂಗುಹಾಕಿದ ಟಯರಿನಲ್ಲಿಯೂ ಅಡಗಿರುವುದುಂಟು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸೋಣ.

ಈ ಊರುಗಳ ಪೇಟೆಯಲ್ಲಿ ಹಾಲನ್ನು ಲೀಟರಿನಿಂದಲೂ, ಬಟ್ಟೆಯನ್ನು ಮೀಟರಿನಿಂದಲೂ, ಜೋಳವನ್ನು ಕಿಲೋಗ್ರಾಮಿನಿಂದಲೂ ಕೊಡುತ್ತಾರೆ. ಊರಿಂದೂರಿಗೆ ಇರುವ ದೂರವನ್ನು ರಸ್ತೆಯ ಬದಿಯ ಕಲ್ಲು ಕಿಲೋಮೀಟರಿನಲ್ಲಿ ಹೇಳುತ್ತದೆ. ದಶಮಾನ ಪದ್ಧತಿಯು ನಮ್ಮ ದೇಶದಲ್ಲಿ ಕಾಯಿದೆಯಾಗಿ ಅರವತ್ತು ವರ್ಷಗಳಿಗೂ ಮೀರಿತು. ಹೀಗಿದ್ದರೂ ಅದೇ ಪೇಟೆಯ ಸೈಕಲ್ ಅಂಗಡಿಗೆ ಹೋದವನು ಕೇಳುವುದು ‘ಇಪ್ಪತ್ತೆಂಟು–ಒಂದೂವರೆ’ ಟಯರನ್ನು. ಕೊಳ್ಳುವುದು ಇಪ್ಪತ್ತೆರಡು ಇಂಚಿನ ಸೈಕಲ್ಲನ್ನು. ದಾರಿಯು ಮೀಟರಿನ ಆಳ್ವಿಕೆಗೆ ಒಳಪಟ್ಟಿತು. ಆ ದಾರಿಯ ಮೇಲೆ ಉರುಳುವ ಗಾಲಿಯು ಇಂಗ್ಲಿಷ್ ಅಂಗುಲದ ಪ್ರಜೆಯಾಗಿಯೇ ಉಳಿಯಿತು. ಇದಕ್ಕೆ ಕಾರಣವೇನು? ಜನರ ಹಳೆಯ ರೂಢಿಯೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅದೇ ಜನರು ಸೇರು, ಪಾವು, ತೊಲ, ಗಜಗಳನ್ನು ಬಿಟ್ಟುಕೊಟ್ಟರಲ್ಲವೆ? ಒಂದು ವಸ್ತುವಿನಲ್ಲಿ ರೂಢಿಯು ಸೋತು, ಇನ್ನೊಂದರಲ್ಲಿ ಗೆದ್ದುದೇಕೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಈ ನಾಡಿನ ಪೂರ್ವದ ಅಳತೆಗಳನ್ನು ನೋಡೋಣ. ಸವದತ್ತಿಗೆ ಪ್ರಾಚೀನ ಹೆಸರು ಸುಗಂಧವರ್ತಿ. ರಟ್ಟ ವಂಶದ ಅರಸರು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಹೋಗುವುದಕ್ಕೆ ಮುಂಚೆ ಅವರ ರಾಜಧಾನಿಯಾಗಿದ್ದ ಸ್ಥಳವದು. ಅಲ್ಲಿಯ ಶಾಸನಗಳಲ್ಲಿ ಬಸದಿಗಳಿಗೂ ದೇವಾಲಯಗಳಿಗೂ ಬಿಟ್ಟ ಭೂಮಿಯನ್ನು ಮತ್ತರು ಎಂಬ ಮಾನದಿಂದ ಹೇಳಿದೆ. ಮತ್ತರನ್ನು ಅಳೆಯುತ್ತಿದ್ದುದು ಗಳೆಯಿಂದ. ಆ ಗಳೆಯಾದರೋ ಒಂದೊಂದು ಸೀಮೆಯಲ್ಲಿ ಒಂದೊಂದು ಉದ್ದದ್ದು. ಆದುದರಿಂದಲೇ ಕರ್ನಾಟಕದ ಶಾಸನಗಳನ್ನು ಬರೆಸಿದವರು ಹಲವೆಡೆ ಇಂತಹ ಗಳೆಯಲ್ಲಿ ಅಳೆದುದೆಂದು ಎಚ್ಚರದಿಂದ ನಮೂದಿಸಿದ್ದಾರೆ. ಬಳ್ಳಿಗಾವೆಯ ಭೇರುಂಡ ಸ್ತಂಭವು ಗಳೆಗೆ ಹೆಸರನ್ನೂ ಪ್ರಮಾಣವನ್ನೂ ಕೊಟ್ಟ ಸಂಗತಿಯು ಚರಿತ್ರೆಯನ್ನು ಓದಿದವರಿಗೆ ತಿಳಿದೇ ಇದೆ. ಮತ್ತರೆಂದು ಮಾತ್ರ ಹೇಳಿದರೆ ದಾನವು ಪೂರ್ತಿಯಾಗುತ್ತಿರಲಿಲ್ಲ. ಯಾವ ಗಳೆಯೆಂಬುದನ್ನೂ ಹೇಳಬೇಕಾಗಿದ್ದಿತು.

ರೈತನ ಬಾಯಲ್ಲಿ ಭೂಮಿಯ ಅಳತೆಯು ಬಿತ್ತನೆಯಿಂದ ಹುಟ್ಟಿತು. ನಮ್ಮ ಮೈಸೂರು ಸೀಮೆಯಲ್ಲಿ ಖಂಡುಗ ಬಿತ್ತುವ ಗದ್ದೆಯೆನ್ನುವಂತೆ, ಆ ಎರೆಯ ನಾಡಿನಲ್ಲಿ ಕೂರಿಗೆಯಿಂದ ಬಿತ್ತಬಹುದಾದಷ್ಟು ಹೊಲಕ್ಕೆ ಒಂದು ಕೂರಿಗೆಯೆಂದರು. ಎರೆ, ಮಸಬು, ಮರಳು ಎಂಬ ಮಣ್ಣಿನ ಭೇದಕ್ಕನುಸಾರವಾಗಿ ಇಂತಹ ಅಳತೆಯು ಹಿಗ್ಗುವುದೂ ಕುಗ್ಗುವುದೂ ಸಹಜ. ದೂರವನ್ನು ಹರದಾರಿಯಿಂದಲೂ, ಉದ್ದವನ್ನು ಮೊಳ, ಗೇಣು, ಅಂಗುಲಗಳಿಂದಲೂ ಎಣಿಸುತ್ತಿದ್ದರು. ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಶಾಸ್ತ್ರದ ಲೆಕ್ಕದಲ್ಲಿ ೨೪ ಅಂಗುಲಕ್ಕೆ ಒಂದು ಮೊಳ. ಮೊಳವೆಂದರೆ ಸುಮಾರು ಹದಿನೆಂಟು ಇಂಚು. ಆದಕಾರಣ ನಮ್ಮ ಹಿರಿಯರ ಅಂಗುಲವು ಇಂಚಿನ ಮುಕ್ಕಾಲು ಪಾಲು ಮಾತ್ರ. ಇಂಗ್ಲಿಷರ ಇಂಚು ಬಂದಾಗ ನಾವು ಅದಕ್ಕೂ ಅಂಗುಲವೆಂಬ ಹಳೆಯ ಹೆಸರನ್ನೇ ಕೊಟ್ಟೆವು. ಹೆಸರು ನಿಂತಿತು, ಅಳತೆಯು ಸದ್ದಿಲ್ಲದೆ ಬದಲಾಯಿತು. ಇಂತಹ ಪಲ್ಲಟವು ಸೈಕಲ್ಲಿನ ಕಥೆಯಲ್ಲಿ ಮತ್ತೆ ಕಾಣಬರುವುದು.

೧೮೨೪ರಲ್ಲಿ ಕಿತ್ತೂರಿನ ಕೋಟೆಯು ಕಂಪೆನಿಯವರ ವಶವಾಯಿತು. ರಾಣಿ ಚೆನ್ನಮ್ಮನು ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ದೇಹವನ್ನು ಬಿಟ್ಟಳು. ರಾಜ್ಯವು ಕೈಬದಲಾದ ಮೇಲೆ ಹಿಂದೆಯೇ ಬಂದುದು ಮೋಜಣಿಯ ಸರಪಳಿ. ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದವರು ೧೮೪೭ರ ತಮ್ಮ ಜಂಟಿ ವರದಿಯಲ್ಲಿ ನೆಲೆಗೊಳಿಸಿದ ಮುಂಬಯಿ ಪದ್ಧತಿಯ ಮೋಜಣಿಯು ಈ ಸೀಮೆಯ ಹೊಲಗಳನ್ನು ಅಳೆಯಿತು. ಆ ಸರಪಳಿಯ ಉದ್ದ ೩೩ ಅಡಿ. ಅದರ ವಿಭಾಗಗಳು ೧೬ ಆಣೆಗಳು. ಒಂದು ಸರಪಳಿ ಚೌಕಕ್ಕೆ ಒಂದು ಗುಂಟೆ, ಎಂದರೆ ೧,೦೮೯ ಚದರಡಿ. ಅಂತಹ ೪೦ ಗುಂಟೆಗೆ ಸರಿಯಾಗಿ ಒಂದು ಇಂಗ್ಲಿಷ್ ಎಕರೆ. ಅಡಿ ಇಂಗ್ಲೆಂಡಿನದು, ಆಣೆ ಈ ದೇಶದ್ದು. ಎಕರೆ ಅವರದು, ಗುಂಟೆ ನಮ್ಮದು. ಎರಡು ಪದ್ಧತಿಗಳು ಒಂದೇ ಸರಪಳಿಯಲ್ಲಿ ಬೆಸೆದುಕೊಂಡವು. ಕರ್ನಾಟಕದ ಪಹಣಿಯಲ್ಲಿ ಭೂಮಿಯ ವಿಸ್ತೀರ್ಣವನ್ನು ಇಂದಿಗೂ ಎಕರೆ ಗುಂಟೆಗಳಲ್ಲಿಯೇ ಬರೆಯುತ್ತಾರೆ.

ತೂಕದ ಗೊಂದಲವು ಇದಕ್ಕಿಂತ ಹೆಚ್ಚಿನದು. ಮಣವೆಂಬ ಒಂದೇ ಮಾತಿಗೆ ಬಂಗಾಳದಲ್ಲಿ ೮೨ ಪೌಂಡಿಗೆ ತುಸು ಮೇಲು, ಮುಂಬಯಿಯಲ್ಲಿ ೨೮ ಪೌಂಡು, ಮದರಾಸಿನಲ್ಲಿ ೨೫ ಪೌಂಡು ಎಂದು ಅರ್ಥವಿದ್ದಿತು. ಬೈಲಹೊಂಗಲವು ಹತ್ತಿಯ ಪೇಟೆ. ಅಲ್ಲಿಯ ರೈತನ ಹತ್ತಿಯು ಊರಿನ ತೂಕದಲ್ಲಿ ಕೈಬದಲಾಗಿ, ಮುಂಬಯಿಯ ಪೇಟೆಯಲ್ಲಿ ೭೮೪ ಪೌಂಡಿನ ಕ್ಯಾಂಡಿಯಲ್ಲಿ ಮಾರಾಟವಾಗುತ್ತಿದ್ದಿತು. ಒಂದು ತೂಕದಿಂದ ಇನ್ನೊಂದಕ್ಕೆ ಲೆಕ್ಕವನ್ನು ತಿರುಗಿಸಬಲ್ಲವನು ವರ್ತಕ, ತಿರುಗಿಸಲಾರದವನು ರೈತ. ಅಳತೆಯ ಅನಿಶ್ಚಯವು ಯಾವಾಗಲೂ ಲೆಕ್ಕ ಬಲ್ಲವನ ಕಡೆಗೆ ವಾಲುವುದೇ ಹೊರತು ಬೆವರು ಸುರಿಸಿದವನ ಕಡೆಗಲ್ಲ. ಇದಲ್ಲದೆ ರಾಮದುರ್ಗವು ಭಾವೆ ಮನೆತನದ ಸಂಸ್ಥಾನವಾಗಿದ್ದು, ೧೯೪೮ನೆಯ ಮಾರ್ಚಿಯಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅದರ ಆಡಳಿತ ಬೇರೆ. ಸವದತ್ತಿಯ ಕಡೆಯ ಬ್ರಿಟಿಷ್ ಸೀಮೆಯ ಕಾಯಿದೆಯು ಆ ಸಂಸ್ಥಾನದ ಎಲ್ಲೆಯೊಳಗೆ ತಾನಾಗಿಯೇ ನಡೆಯುವಂತಿರಲಿಲ್ಲ. ಮಲಪ್ರಭೆಯ ಒಂದೇ ನೀರನ್ನು ಕುಡಿಯುವ ಊರುಗಳ ನಡುವೆ ಕಾಯಿದೆಯ ಗಡಿಯೊಂದು ಹಾದುಹೋಗಿದ್ದಿತು.

ಈ ಗೊಂದಲವನ್ನು ಕಳೆಯುವ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ೧೮೭೧ರಷ್ಟು ಹಿಂದೆಯೇ ಭಾರತ ಸರ್ಕಾರವು ಸೇರೆಂದರೆ ಒಂದು ಕಿಲೋಗ್ರಾಮಿಗೆ ಸಮವೆಂದು ಕಾಯಿದೆಯನ್ನು ಮಾಡಿತು. ಆದರೆ ಅದು ಕಾಗದದ ಮೇಲೆಯೇ ಉಳಿಯಿತು. ೧೯೩೨ರಲ್ಲಿ ಮುಂಬಯಿ ಇಲಾಖೆಯು ತೂಕ ಅಳತೆಗಳ ಕಾಯಿದೆಯನ್ನು ತಂದಿತು. ೧೯೩೯ರ ಕೇಂದ್ರ ಕಾಯಿದೆಯು ೮೦ ತೊಲದ ಸೇರನ್ನೂ ೪೦ ಸೇರಿನ ಮಣವನ್ನೂ ಪ್ರಮಾಣವೆಂದು ಸಾರಿತು. ಕೊನೆಗೆ ಸ್ವತಂತ್ರ ಭಾರತವು ೧೯೫೬ರಲ್ಲಿ ದಶಮಾನ ಪದ್ಧತಿಯನ್ನು ಸ್ವೀಕರಿಸಿತು. ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯೇ ಪೈಸೆಗಳಾದವು; ೧೯೫೮ನೆಯ ಅಕ್ಟೋಬರಿನಿಂದ ಹೊಸ ತೂಕಗಳು ಕ್ರಮಕ್ರಮವಾಗಿ ಪೇಟೆಗಳಿಗೆ ಬಂದವು. ಅದೇ ೧೯೫೬ನೆಯ ನವೆಂಬರ್ ೧ರಂದು ಬೆಳಗಾವಿಯ ಈ ತಾಲ್ಲೂಕುಗಳು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಹೀಗಾಗಿ ಆ ಜನರಿಗೆ ರಾಜ್ಯ, ನಾಣ್ಯ, ತೂಕ ಈ ಮೂರೂ ಎರಡು ವರ್ಷಗಳ ಒಳಗೆ ಬದಲಾದುವು.

ಇನ್ನು ಸೈಕಲ್ಲಿನ ಕಡೆಗೆ ತಿರುಗೋಣ. ನಮಗೆ ಪರಿಚಿತವಾದ ಆಕಾರದ ಬೈಸಿಕಲ್ಲು, ಎಂದರೆ ಸಮನಾದ ಎರಡು ಗಾಲಿಗಳೂ ಹಿಂದಿನ ಗಾಲಿಯನ್ನು ಎಳೆಯುವ ಸರಪಳಿಯೂ ಉಳ್ಳ ಯಂತ್ರವು, ೧೮೮೫ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ಕೈಯಿಂದ ರೂಪುಗೊಂಡಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ಪನು ಗಾಳಿ ತುಂಬಿದ ಟಯರನ್ನು ರಚಿಸಿದನು. ಅದಕ್ಕೆ ಮುಂಚೆ ೧೮೮೦ರಲ್ಲಿಯೇ ಹಾನ್ಸ್ ರೆನಾಲ್ಡ್ ಎಂಬಾತನು ಮ್ಯಾಂಚೆಸ್ಟರಿನಲ್ಲಿ ಉರುಳೆಯುಳ್ಳ ಸರಪಳಿಗೆ ಹಕ್ಕುಪತ್ರವನ್ನು ಪಡೆದಿದ್ದನು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪೆನಿಯು ಮೂಲತಃ ಬಂದೂಕುಗಳ ಕಾರ್ಖಾನೆ. ಒಂದು ಬಂದೂಕಿನ ಭಾಗವು ಇನ್ನೊಂದಕ್ಕೆ ಸರಿಯಾಗಿ ಕೂಡಬೇಕೆಂಬ ಆಯುಧಶಾಲೆಯ ಶಿಸ್ತು ಅಲ್ಲಿಂದ ಸೈಕಲ್ಲಿಗೂ ಬಂದಿತು. ೧೯೦೨ರಲ್ಲಿ ಇಂಗ್ಲೆಂಡಿನ ಸೈಕಲ್ ಎಂಜಿನಿಯರುಗಳ ಸಂಸ್ಥೆಯು ತಿರುಪುಗಳ ಸುತ್ತುಗಳಿಗೆ ಪ್ರಮಾಣವನ್ನು ಗೊತ್ತುಮಾಡಿತು. ಅಂಗುಲಕ್ಕೆ ಇಂತಿಷ್ಟು ಸುತ್ತು ಎಂಬುದೇ ಅದರ ಭಾಷೆ.

ಆ ಕಾಲದ ಅಂಕಿಗಳಲ್ಲಿ ಒಂದು ಪ್ರಾಮಾಣಿಕತೆಯಿದ್ದಿತು. ‘೨೮ × ೧-೧/೨’ ಎಂಬ ಟಯರನ್ನೇ ತೆಗೆದುಕೊಳ್ಳಿರಿ. ಗಾಳಿ ತುಂಬಿದ ಗಾಲಿಯ ಹೊರವ್ಯಾಸ ೨೮ ಅಂಗುಲ. ಟಯರಿನ ದಪ್ಪ ಒಂದೂವರೆ ಅಂಗುಲ. ಮೇಲೊಂದು ಕೆಳಗೊಂದು ಎಂದು ಎರಡು ದಪ್ಪಗಳನ್ನು, ಎಂದರೆ ೩ ಅಂಗುಲವನ್ನು, ಕಳೆದರೆ ಟಯರಿನ ಅಂಚು ಕುಳಿತುಕೊಳ್ಳುವ ರಿಮ್ಮಿನ ವ್ಯಾಸವು ಸರಿಯಾಗಿ ೨೫ ಅಂಗುಲ. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಅಂತಹ ಗಾಲಿಯು ಒಂದು ಮೈಲಿಯನ್ನು ಸುಮಾರು ೭೨೦ ಸುತ್ತುಗಳಲ್ಲಿ ಮುಗಿಸುತ್ತದೆ. ಒಂದು ಕಿಲೋಮೀಟರನ್ನು ಸುಮಾರು ೪೪೮ ಸುತ್ತುಗಳಲ್ಲಿ. ಪೆಡಲಿನ ವೇಗವನ್ನು ಹೇಳುವುದಕ್ಕೂ ಇಂಗ್ಲಿಷರು ಅಂಗುಲವನ್ನೇ ಬಳಸಿದರು. ಮುಂದಿನ ಚಕ್ರಕ್ಕೆ ೪೪ ಹಲ್ಲು, ಹಿಂದಿನದಕ್ಕೆ ೧೮ ಹಲ್ಲು ಇದ್ದರೆ ಆ ಸೈಕಲ್ಲಿನ ಗೇರು ಸುಮಾರು ೬೮ ಅಂಗುಲವೆಂದರು. ಪೂರ್ವದಲ್ಲಿ ಇದ್ದ ಎತ್ತರದ ಒಂಟಿ ದೊಡ್ಡ ಗಾಲಿಯ ಸೈಕಲ್ಲಾಗಿದ್ದರೆ ಅದರ ವ್ಯಾಸ ಎಷ್ಟಿರಬೇಕಾಗಿದ್ದಿತೆಂಬುದೇ ಈ ಅಂಕಿಯ ಅರ್ಥ. ಫ್ರಾನ್ಸಿನವನು ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಕೇಳಿದನು: ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಎಷ್ಟು ದೂರ ಹೋಗುವುದು? ಉತ್ತರ, ಸುಮಾರು ಐದೂವರೆ ಮೀಟರು. ಒಬ್ಬನು ಇಲ್ಲದ ಗಾಲಿಯನ್ನು ನೆನೆದು ಲೆಕ್ಕಹಾಕಿದನು, ಇನ್ನೊಬ್ಬನು ಮುಂದಿರುವ ದಾರಿಯನ್ನು ನೋಡಿ.

ಈ ಯಂತ್ರವು ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಒಳನಾಡಿಗೆ ಹರಡಿತು. ಬೆಳಗಾವಿ–ಲೋಂಡಾ–ಧಾರವಾಡಗಳ ರೈಲುದಾರಿಯು ನಮ್ಮ ನಾಲ್ಕು ಊರುಗಳನ್ನು ಮುಟ್ಟದೆ ಹಾದುಹೋಗಿದ್ದಿತು. ರೈಲಿಲ್ಲದ ಸೀಮೆಯಲ್ಲಿ ಸೈಕಲ್ಲಿನ ಬೆಲೆ ಹೆಚ್ಚು. ಶಾಲೆಯ ಮಾಸ್ತರರು, ಅಂಚೆಯವರು, ಹಾಲು ಮಾರುವವರು, ನೂಲಿನ ಗಂಟು ಹೊತ್ತ ನೇಕಾರರು, ಸಂತೆಗೆ ಹೋಗುವ ವ್ಯಾಪಾರಿಗಳು ಇವರೆಲ್ಲರಿಗೂ ಅದು ತಲೆಯೆಣಿಕೆಗೆ ಸಿಕ್ಕದ ಸೇವಕನಾಯಿತು. ಸ್ವಂತಕ್ಕೆ ಕೊಳ್ಳಲಾರದವರಿಗೆ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲುಗಳಿದ್ದುವು. ಊರಿನ ರಿಪೇರಿಗಾರನ ಕೈಯಲ್ಲಿ ಅಂಗುಲವು ಹೊಸ ರೂಪವನ್ನು ತಾಳಿತು. ಅಂಗುಲದ ಎಂಟನೆಯ ಒಂದು ಪಾಲಿಗೆ ಆ ಕಡೆಯ ಬಡಗಿಗಳೂ ಗೌಂಡಿಗಳೂ ಸೂತವೆನ್ನುತ್ತಾರೆ. ನಮ್ಮ ಕಡೆ ನೂಲೆನ್ನುತ್ತಾರೆ. ಸರಪಳಿಯ ಕೊಂಡಿಯಿಂದ ಕೊಂಡಿಗೆ ನಾಲ್ಕು ಸೂತ, ಹಿಂದಿನ ಗಾಲಿಯ ಉಕ್ಕಿನ ಗುಂಡು ಎರಡು ಸೂತ. ಇಂಗ್ಲಿಷನ್ನು ಓದಲು ಬಾರದವನಿಗೂ ಇಂಗ್ಲಿಷ್ ಅಳತೆಯು ಹೀಗೆ ಮಾತೃಭಾಷೆಯ ಮಾತಾಯಿತು.

ಯೂರೋಪಿನಲ್ಲಿ ಆಗಲೇ ಬೇರೊಂದು ಪ್ರಪಂಚವಿದ್ದಿತು. ಮೀಟರನ್ನು ೧೭೯೫ರಲ್ಲಿ ಕಾಯಿದೆಯಾಗಿ ಮಾಡಿದ ಫ್ರಾನ್ಸು ತನ್ನ ಸೈಕಲ್ಲುಗಳನ್ನೂ ಮಿಲಿಮೀಟರಿನಲ್ಲಿಯೇ ಕಟ್ಟಿತು. ಗಾಲಿಗಳಿಗೆ ೭೦೦, ೬೫೦ ಎಂಬ ಅಂಕಿಗಳೂ ಅವುಗಳ ಮುಂದೆ ಒಂದೊಂದು ಅಕ್ಷರವೂ ಇದ್ದುವು. ಪೆಡಲಿನ ತಿರುಪು ೧೪ ಮಿಲಿಮೀಟರಿನದು. ಇಂಗ್ಲಿಷ್ ಪೆಡಲಿನ ತಿರುಪಾದರೋ ಅಂಗುಲದ ಹದಿನಾರರಲ್ಲಿ ಒಂಬತ್ತು ಪಾಲು, ಎಂದರೆ ಸುಮಾರು ೧೪.೩ ಮಿಲಿಮೀಟರು. ಕಣ್ಣಿಗೆ ಎರಡೂ ಒಂದೇ. ಒಂದರ ತೂತಿಗೆ ಇನ್ನೊಂದನ್ನು ಬಲಾತ್ಕಾರದಿಂದ ತಿರುಗಿಸಿದರೆ ಕ್ರ್ಯಾಂಕಿನ ಒಳಸುತ್ತುಗಳು ಕೆಟ್ಟುಹೋಗುವುವು. ಬಹಳ ದೂರವಿರುವ ಅಳತೆಗಳಿಂದ ಅಪಾಯವಿಲ್ಲ. ಅವು ಕೂಡುವುದೇ ಇಲ್ಲ. ಅತಿ ಸಮೀಪವಿರುವ ಅಳತೆಗಳೇ ಮೋಸಮಾಡುವುವು. ಇಟಲಿಯವರಂತೂ ಪೆಡಲಿನ ಅಚ್ಚು ಕೂರುವ ಬಟ್ಟಲಿನ ವ್ಯಾಸವನ್ನು ೩೬ ಮಿಲಿಮೀಟರೆಂದು ಇಟ್ಟುಕೊಂಡು, ಅದರ ಸುತ್ತುಗಳನ್ನು ಮಾತ್ರ ಅಂಗುಲಕ್ಕೆ ೨೪ರಂತೆ ಕೊರೆದರು. ಇಂಗ್ಲೆಂಡಿನಲ್ಲಿಯೂ ಏಕಮತವಿರಲಿಲ್ಲ. ಅದೇ ಬಟ್ಟಲಿಗೆ ಉಳಿದವರು ಅಂಗುಲಕ್ಕೆ ೨೪ ಸುತ್ತುಗಳನ್ನು ಕೊರೆದರೆ ನಾಟಿಂಗ್‌ಹ್ಯಾಮಿನ ರ್‍ಯಾಲಿ ಕಂಪೆನಿಯು ತನ್ನದೇ ಆದ ೨೬ ಸುತ್ತುಗಳನ್ನು ಇಟ್ಟುಕೊಂಡಿದ್ದಿತು.

ಕಾಲಕ್ರಮದಲ್ಲಿ ಟಯರಿನ ಅಂಕಿಗಳೂ ತಮ್ಮ ಪ್ರಾಮಾಣಿಕತೆಯನ್ನು ಕಳೆದುಕೊಂಡುವು. ಒಂದೇ ರಿಮ್ಮಿಗೆ ತೆಳುವಾದ ಟಯರನ್ನೂ ದಪ್ಪವಾದ ಟಯರನ್ನೂ ಮಾಡತೊಡಗಿದರು. ಹೊರವ್ಯಾಸವು ಬದಲಾದರೂ ಹಳೆಯ ಹೆಸರನ್ನೇ ಉಳಿಸಿಕೊಂಡರು. ಇಂದು ೨೬ ಅಂಗುಲದ ಗಾಲಿಯೆಂದರೆ ಒಂದು ಗಾಲಿಯಲ್ಲ. ‘೨೬ × ೧-೩/೮’ ಎಂಬುದರ ರಿಮ್ಮು ೫೯೦ ಮಿಲಿಮೀಟರು. ‘೨೬ × ೧-೧/೨’ ಎಂಬುದರದು ೫೮೪. ‘೨೬ × ೧-೩/೪’ ಎಂಬುದರದು ೫೭೧. ‘೨೬ × ೧.೭೫’ ಎಂಬುದರದು ೫೫೯. ಕೊನೆಯ ಎರಡನ್ನು ಗಮನಿಸಿರಿ. ಒಂದೂ ಮುಕ್ಕಾಲು ಎಂದರೂ ೧.೭೫ ಎಂದರೂ ಗಣಿತದಲ್ಲಿ ಭೇದವಿಲ್ಲ. ಸೈಕಲ್ ಅಂಗಡಿಯಲ್ಲಿ ಅವೆರಡರ ನಡುವೆ ೧೨ ಮಿಲಿಮೀಟರಿನ ಅಂತರವಿದೆ. ಒಂದರ ಟಯರು ಇನ್ನೊಂದರ ರಿಮ್ಮಿಗೆ ಕೂಡುವುದಿಲ್ಲ. ಭಿನ್ನರಾಶಿಯಲ್ಲಿ ಬರೆದುದು ಇಂಗ್ಲಿಷ್ ಪರಂಪರೆ, ದಶಾಂಶದಲ್ಲಿ ಬರೆದುದು ಅಮೆರಿಕದ ದಪ್ಪ ಟಯರಿನ ಪರಂಪರೆ. ಇದರ ವಿರುದ್ಧವಾದ ವಿಚಿತ್ರವೂ ಉಂಟು. ಫ್ರೆಂಚರ ‘೭೦೦ ಸಿ’ ಎಂಬ ಗಾಲಿಯ ರಿಮ್ಮು ೬೨೨ ಮಿಲಿಮೀಟರು; ಅದಕ್ಕೆ ೨೮ ಅಂಗುಲವೆಂಬ ಹೆಸರೂ ಇದೆ, ಬೆಟ್ಟದ ಸೈಕಲ್ಲಿನಲ್ಲಿ ೨೯ ಅಂಗುಲವೆಂಬ ಹೆಸರೂ ಇದೆ. ಆದರೆ ನಮ್ಮ ಹಳ್ಳಿಗಳ ‘೨೮ × ೧-೧/೨’ರ ರಿಮ್ಮು ೨೫ ಅಂಗುಲ, ಎಂದರೆ ೬೩೫ ಮಿಲಿಮೀಟರು. ಎರಡೂ ೨೮ ಎನಿಸಿಕೊಂಡರೂ ಒಂದರ ಟಯರು ಇನ್ನೊಂದಕ್ಕೆ ಆಗದು. ಬಂಗಾಳ, ಮುಂಬಯಿ, ಮದರಾಸುಗಳ ಮಣವು ಹೀಗೆ ರಬ್ಬರಿನಲ್ಲಿ ಪುನರ್ಜನ್ಮವನ್ನು ಪಡೆಯಿತೆನ್ನಬಹುದು.

ಹಾಗಾದರೆ ೧೯೫೬ರ ಕಾಯಿದೆಯು ಇದನ್ನೇಕೆ ನೇರ್ಪಡಿಸಲಿಲ್ಲ? ಇದಕ್ಕೆ ಉತ್ತರವು ಆ ವರ್ಷಗಳ ಕೈಗಾರಿಕೆಯ ಚರಿತ್ರೆಯಲ್ಲಿದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಮುಂಬಯಿಯಲ್ಲಿ ಹಿಂದ್ ಸೈಕಲ್ಸ್ ಕಾರ್ಖಾನೆಯು ಹುಟ್ಟಿದ್ದಿತು. ೧೯೪೯ರಲ್ಲಿ ಬರ್ಮಿಂಗ್‌ಹ್ಯಾಮಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಕಂಪೆನಿಯ ಸಹಯೋಗದಿಂದ ಮದರಾಸಿನ ಬಳಿ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು. ೧೯೫೦ರ ಸುಮಾರಿಗೆ ಆಸನ್‌ಸೋಲಿನಲ್ಲಿ ಸೆನ್–ರ್‍ಯಾಲಿ, ೧೯೫೧ರಲ್ಲಿ ಸೋನೆಪತ್‌ನಲ್ಲಿ ಅಟ್ಲಾಸ್, ೧೯೫೬ರಲ್ಲಿ ಲೂಧಿಯಾನದಲ್ಲಿ ಹೀರೋ ಇವು ಒಂದಾದ ಮೇಲೊಂದು ತಲೆಯೆತ್ತಿದುವು. ಲೂಧಿಯಾನದ ಆ ಕಾರ್ಖಾನೆಯು ೧೯೮೬ರ ವೇಳೆಗೆ ಪ್ರಪಂಚದಲ್ಲಿಯೇ ಅತಿ ಹೆಚ್ಚು ಸೈಕಲ್ಲುಗಳನ್ನು ತಯಾರಿಸುವುದೆಂದು ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ದೇಶವು ಮೀಟರಿನ ಕಡೆಗೆ ತಿರುಗಿದ ಹೊತ್ತಿಗೆ ಸರಿಯಾಗಿ ದೇಶದ ಸೈಕಲ್ ಕಾರ್ಖಾನೆಗಳು ಇಂಗ್ಲಿಷ್ ಅಚ್ಚುಗಳಿಂದ ಕೆಲಸವನ್ನು ಪ್ರಾರಂಭಿಸಿದ್ದುವು. ಅದಕ್ಕೆ ಮುಂಚೆ ಆಮದಾದ ಸೈಕಲ್ಲುಗಳು ಆಗಲೇ ಊರೂರಿನಲ್ಲಿ ಓಡಾಡುತ್ತಿದ್ದುವು. ಅವುಗಳಿಗೆ ಬಿಡಿಭಾಗಗಳು ಬೇಕಾಗಿದ್ದುವು.

ಇಲ್ಲಿಯೇ ಪೇಟೆಯ ಅಳತೆಗೂ ಯಂತ್ರದ ಅಳತೆಗೂ ಇರುವ ಭೇದವು ತಿಳಿಯುವುದು. ಅಂಗಡಿಯವನು ಸೇರನ್ನು ಬಿಟ್ಟು ಕಿಲೋಗ್ರಾಮಿನ ಬಟ್ಟನ್ನು ತಕ್ಕಡಿಯಲ್ಲಿಟ್ಟರೆ ಬದಲಾವಣೆ ಮುಗಿಯಿತು. ನಿನ್ನೆ ಸೇರಿನಲ್ಲಿ ಕೊಂಡ ಜೋಳವು ಇಂದು ಕಿಲೋಗ್ರಾಮಿನಲ್ಲಿ ಕೊಂಡ ಜೋಳದೊಡನೆ ಜಗಳವಾಡುವುದಿಲ್ಲ. ಎರಡೂ ಒಂದೇ ಹಗೇವಿನಲ್ಲಿ ಬೆರೆಯುವುವು. ಸೈಕಲ್ಲಿನಲ್ಲಿ ಹಾಗಲ್ಲ. ಅರ್ಧ ಅಂಗುಲದ ಸರಪಳಿಯನ್ನು ಬದಲಾಯಿಸಬೇಕಾದರೆ ಮುಂದಿನ ಹಲ್ಲುಚಕ್ರವನ್ನೂ ಹಿಂದಿನದನ್ನೂ ಬದಲಾಯಿಸಬೇಕು. ಹಿಂದಿನ ಹಲ್ಲುಚಕ್ರವನ್ನು ಬದಲಾಯಿಸಹೋದರೆ ಅದು ಕೂರುವ ಗಾಲಿಯ ಗುಂಬದ ತಿರುಪು ಅಡ್ಡಬರುವುದು. ಒಂದು ಭಾಗದ ಅಳತೆಯು ಪಕ್ಕದ ಭಾಗದ ಅಳತೆಗೆ ಜಾಮೀನು ನಿಂತಿದೆ. ಲಕ್ಷಾಂತರ ಸೈಕಲ್ಲುಗಳು ದಾರಿಯ ಮೇಲಿರುವಾಗ ಹೊಸ ಅಳತೆಯಲ್ಲಿ ಬಿಡಿಭಾಗವನ್ನು ಮಾಡುವ ಕಾರ್ಖಾನೆಯವನು ಕೊಳ್ಳುವವರಿಲ್ಲದೆ ಕುಳಿತಿರಬೇಕಾದೀತು.

ಇದು ನಮ್ಮ ದೇಶದ ದೌರ್ಬಲ್ಯವೆಂದು ಯಾರೂ ತಿಳಿಯಬಾರದು. ೧೯೭೦ರ ದಶಕದ ಕೊನೆಯ ಭಾಗದಲ್ಲಿ ಜಪಾನಿನ ಶಿಮಾನೋ ಕಂಪೆನಿಯು ೧೨.೭ ಮಿಲಿಮೀಟರಿನ, ಎಂದರೆ ಅರ್ಧ ಅಂಗುಲದ, ಸರಪಳಿಗೆ ಬದಲಾಗಿ ೧೦ ಮಿಲಿಮೀಟರಿನ ಸರಪಳಿಯನ್ನು ಪಂದ್ಯದ ಸೈಕಲ್ಲುಗಳಿಗಾಗಿ ಹೊರತಂದಿತು. ಅದು ಹಗುರವಾಗಿದ್ದಿತು, ಲೆಕ್ಕಕ್ಕೂ ಒಪ್ಪವಾಗಿದ್ದಿತು, ಆದರೂ ಬಾಳಲಿಲ್ಲ. ಮೀಟರಿನ ತವರುಮನೆಯಾದ ಫ್ರಾನ್ಸೇ ೧೯೮೦ರ ದಶಕದಲ್ಲಿ ತನ್ನ ಮಿಲಿಮೀಟರಿನ ತಿರುಪುಗಳನ್ನು ಬಿಟ್ಟು ಇಂಗ್ಲಿಷ್ ತಿರುಪುಗಳನ್ನು ಹಿಡಿಯಿತು. ಇನ್ನೊಂದು ಕಡೆ ಇಂಗ್ಲಿಷ್ ಅಂಗುಲವೂ ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಂಡಿಲ್ಲ. ೧೯೫೯ರಲ್ಲಿ ಇಂಗ್ಲಿಷ್ ಮಾತನಾಡುವ ರಾಷ್ಟ್ರಗಳು ಕೂಡಿ ಅಂಗುಲವೆಂದರೆ ಸರಿಯಾಗಿ ೨೫.೪ ಮಿಲಿಮೀಟರೆಂದು ಒಪ್ಪಿಕೊಂಡುವು. ಅಂದಿನಿಂದ ಅಂಗುಲವು ಮೀಟರಿನ ಸಾಮಂತ. ಈಗ ಹೊಸ ಸೈಕಲ್ಲುಗಳ ಮೊಳೆ ತಿರುಪುಗಳು ೫, ೬ ಮಿಲಿಮೀಟರಿನವು. ಸರಪಳಿ ಮಾತ್ರ ಅಂಗುಲದ್ದು. ಗಾಲಿಯ ಕಡ್ಡಿಯೊಂದನ್ನೇ ತೆಗೆದುಕೊಂಡರೆ ಅದರ ದಪ್ಪ ೨ ಮಿಲಿಮೀಟರು, ಅದರ ತುದಿಯ ಸುತ್ತುಗಳು ಅಂಗುಲಕ್ಕೆ ೫೬. ಗುಂಟೆಯೂ ಎಕರೆಯೂ ಒಂದೇ ಸರಪಳಿಯಲ್ಲಿ ಬೆಸೆದುಕೊಂಡಂತೆ ಇಲ್ಲಿ ಎರಡು ಪದ್ಧತಿಗಳು ಒಂದೇ ಕಡ್ಡಿಯಲ್ಲ��� ಸಂಧಿಮಾಡಿಕೊಂಡಿವೆ.

ಇಂತಹ ಸಂಧಿಯು ಸೈಕಲ್ಲಿಗೆ ಮಾತ್ರ ಸೇರಿದುದಲ್ಲ. ಬೈಲಹೊಂಗಲದ ಹತ್ತಿಯ ಕಡೆಗೆ ನೋಡಿರಿ: ಸಗಟು ಪೇಟೆಯಲ್ಲಿ ಇಂದಿಗೂ ಹತ್ತಿಯ ಧಾರಣೆಯನ್ನು ಕ್ಯಾಂಡಿಯ ಲೆಕ್ಕದಲ್ಲಿ ಹೇಳುವರು, ಆ ಕ್ಯಾಂಡಿಗೆ ೩೫೬ ಕಿಲೋಗ್ರಾಂ. ಇದು ಹಳೆಯ ೭೮೪ ಪೌಂಡೇ ಹೊರತು ಬೇರೆಯಲ್ಲ. ರಾಮದುರ್ಗದ ನೇಕಾರರ ನೂಲನ್ನು ನೋಡಿರಿ: ೪೦ನೆಯ ನಂಬರೆಂದರೆ ೮೪೦ ಗಜದ ಲಡಿಗಳು ಒಂದು ಪೌಂಡಿಗೆ ೪೦ ಎಂದರ್ಥ. ಗಜವೂ ಪೌಂಡೂ ಪೇಟೆಯಿಂದ ಹೋದುವು. ನಂಬರು ಮಗ್ಗದ ಮೇಲೆ ಉಳಿಯಿತು. ಮೈಲಿಯು ಹೋಯಿತು, ಮೈಲುಗಲ್ಲೆಂಬ ಮಾತು ಕನ್ನಡದಲ್ಲಿ ಗಟ್ಟಿಯಾಗಿ ನಿಂತಿತು.

ಈಗ ಇದರ ಫಲಾಫಲಗಳನ್ನು ವಿಚಾರಿಸೋಣ. ದಶಮಾನ ಪದ್ಧತಿಯ ಉಪಕಾರವು ಅಲ್ಪವೆಂದು ಹೇಳುವವನು ಮಣದ ಮೂರು ಅರ್ಥಗಳನ್ನು ಮರೆತವನು. ಬೈಲಹೊಂಗಲದ ರೈತನಿಗೂ ಮುಂಬಯಿಯ ವರ್ತಕನಿಗೂ ಒಂದೇ ಕಿಲೋಗ್ರಾಂ ಇರುವುದು ನ್ಯಾಯದ ವಿಷಯವೇ ಆಗಿದೆ. ಆದರೆ ಆ ನ್ಯಾಯವು ಹುಟ್ಟಿದುದು ಹತ್ತರಿಂದ ಭಾಗಿಸುವ ಸೌಲಭ್ಯದಿಂದಲ್ಲ, ಎಲ್ಲರಿಗೂ ಒಂದೇ ಅಳತೆಯಿರುವುದರಿಂದ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಹಳ್ಳಿಯ ೨೮ ಅಂಗುಲದ ಸೈಕಲ್ಲು ಕಾಯಿದೆಯ ಅಕ್ಷರಕ್ಕೆ ಹೊರಗಾದರೂ ಅದರ ಉದ್ದೇಶವನ್ನು ನಡೆಸಿಕೊಟ್ಟಿದೆ. ಮದರಾಸಿನ ಟಯರು ಲೂಧಿಯಾನದ ರಿಮ್ಮಿಗೆ ಕೂಡುವುದು. ಅಜ್ಜನು ಕೊಂಡ ಇಂಗ್ಲಿಷ್ ಸೈಕಲ್ಲಿನ ಗಾಲಿಗೂ ಕೂಡುವುದು. ಕಿತ್ತೂರಿನಲ್ಲಿ ಮುರಿದ ಪೆಡಲಿಗೆ ಸವದತ್ತಿಯಲ್ಲಿ ಜೊತೆ ಸಿಕ್ಕುವುದು. ರಿಪೇರಿಗಾರನು ಕೆಲವೇ ಪಾನಾಗಳಿಂದ, ಕೆಲವೇ ಬಗೆಯ ಬಿಡಿಭಾಗಗಳಿಂದ ಇಡೀ ತಾಲ್ಲೂಕಿನ ಸೈಕಲ್ಲುಗಳನ್ನು ಓಡಿಸಬಲ್ಲವನಾದನು. ಯಾವ ಕಾರ್ಖಾನೆಯವನ ಅಪ್ಪಣೆಯೂ ಅವನಿಗೆ ಬೇಕಾಗಲಿಲ್ಲ.

ಇಂದು ಈ ಅನುಕೂಲಕ್ಕೆ ಬಾಧೆ ಬರುವುದಾದರೆ ಅದು ಮೀಟರಿನಿಂದ ಬರುವುದಲ್ಲ. ಬಹು ಗೇರಿನ ಹೊಸ ಸೈಕಲ್ಲುಗಳಲ್ಲಿ ಒಂದೊಂದು ತಯಾರಕನೂ ತನಗೊಂದು ಅಳತೆಯನ್ನು ಏರ್ಪಡಿಸಿಕೊಳ್ಳುತ್ತಿದ್ದಾನೆ. ಪೆಡಲಿನ ಬಟ್ಟಲಿಗೆ ಹತ್ತಾರು ಬಗೆಯ ಪ್ರಮಾಣಗಳಿವೆ. ಎಲ್ಲವೂ ಅಚ್ಚುಕಟ್ಟಾಗಿ ಮಿಲಿಮೀಟರಿನಲ್ಲಿಯೇ ಇವೆ. ಆದರೆ ಒಂದಕ್ಕೊಂದು ಕೂಡುವುದಿಲ್ಲ. ದೊಡ್ಡ ನಗರದಲ್ಲಿರುವವರು ಅಂತಹ ಭಾಗವನ್ನು ತರಿಸಿಕೊಂಡಾರು. ಸವದತ್ತಿಯ ಬಳಿಯ ಹಳ್ಳಿಯೊಂದರಿಂದ ದಿನವೂ ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಹುಡುಗಿಗೆ ಒಂದು ಬಟ್ಟಲು ಸಿಕ್ಕದಿದ್ದರೆ ಆ ವಾರದ ಪಾಠವೇ ತಪ್ಪಿಹೋಗುವುದು. ೨೦೦೬–೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡುವ ಯೋಜನೆಯನ್ನು ಪ್ರಾರಂಭಿಸಿತು. ಅಂತಹ ಯೋಜನೆಯು ಫಲಕೊಡಬೇಕಾದರೆ ಸೈಕಲ್ಲನ್ನು ಕೊಟ್ಟರೆ ಮಾತ್ರ ಸಾಲದು. ಅದರ ಟಯರೂ ಸರಪಳಿಯೂ ಊರಿನ ಅಂಗಡಿಯಲ್ಲಿ ದೊರೆಯುವ ಅಳತೆಯವಾಗಿರಬೇಕು.

ಹೆಸರಿನ ಗೊಂದಲಕ್ಕೆ ಈಗ ಒಂದು ಪರಿಹಾರವೂ ಸಿದ್ಧವಾಗಿದೆ. ಯೂರೋಪಿನ ಟಯರು ಮತ್ತು ರಿಮ್ಮುಗಳ ಸಂಸ್ಥೆಯು ಏರ್ಪಡಿಸಿ, ಅಂತರರಾಷ್ಟ್ರೀಯ ಪ್ರಮಾಣವಾಗಿ ಅಂಗೀಕೃತವಾದ ಅಂಕಿಗಳನ್ನು ಈಚಿನ ಟಯರುಗಳ ಪಕ್ಕದಲ್ಲಿ ಅಚ್ಚೊತ್ತಿರುವುದನ್ನು ಕಾಣಬಹುದು. ‘೪೦–೬೩೫’ ಎಂದಿದ್ದರೆ ಟಯರಿನ ದಪ್ಪ ೪೦ ಮಿಲಿಮೀಟರು, ರಿಮ್ಮಿನ ವ್ಯಾಸ ೬೩೫ ಮಿಲಿಮೀಟರು. ಟಯರನ್ನು ಕೊಳ್ಳುವವರು ಹಳೆಯ ಹೆಸರನ್ನೇ ಕೇಳಲಿ. ಹಣವನ್ನು ಎಣಿಸುವ ಮುಂಚೆ ಈ ಕೊನೆಯ ಮೂರಂಕಿಯನ್ನು ತಮ್ಮ ಹಳೆಯ ಟಯರಿನದರೊಡನೆ ಹೋಲಿಸಿಕೊಳ್ಳಲಿ. ಶಾಸನದಲ್ಲಿ ಮತ್ತರಿನ ಜೊತೆಗೆ ಗಳೆಯ ಹೆಸರನ್ನು ಕೆತ್ತಿಸಿದ ಸುಗಂಧವರ್ತಿಯ ಕಾಲದವರ ವಿವೇಕವೂ ಇದೇ. ಅಳತೆಯ ಹೆಸರನ್ನು ಹೇಳಿ, ಅದನ್ನು ಅಳೆದ ಕೋಲನ್ನೂ ತೋರಿಸಿದರೆ ಮಾತ್ರ ಕೊಟ್ಟವನಿಗೂ ಕೊಂಡವನಿಗೂ ನಡುವೆ ವ್ಯಾಜ್ಯವು ಹುಟ್ಟದು. ಅಷ್ಟನ್ನು ನೆನಪಿಗೆ ತಂದು ಈ ಮಾತನ್ನು ಇಲ್ಲಿಗೆ ಮುಗಿಸುತ್ತೇನೆ.